ಅಪ್‌ಡೇಟ್: ಮಝಲ್‌ಲೋಡರ್‌ಗೆ ಸ್ಕೋಪ್ ಕೂರಿಸಿದೆ, ಜಿಂಕೆಯೂ ಸಿಕ್ಕಿತು

ಅಮೆರಿಕದ ಓಹಾಯೋದಲ್ಲಿ ಜಿಂಕೆ ಬೇಟೆಗೆ ನನ್ನ .50 ಕ್ಯಾಲಿಬರ್ (ಅರ್ಧ ಇಂಚು ನಳಿಗೆಯ) ಮಝಲ್‌ಲೋಡರ್‌ಗೆ, ಅಂದರೆ ನಳಿಗೆಯ ಬಾಯಿಂದ ಮದ್ದು-ಗುಂಡು ತುಂಬುವ ಬಂದೂಕಿಗೆ, ಯಾವ ಸ್ಕೋಪ್ (ಗುರಿ ನೋಡುವ ದುರ್ಬೀನು) ಒಳ್ಳೆಯದು ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. 4-12, ಅಂದರೆ 4ರಿಂದ 12 ಪಟ್ಟು ದೊಡ್ಡದಾಗಿ ತೋರಿಸುವುದನ್ನು ತೆಗೆದುಕೊಳ್ಳುವ ಆಸೆಯಿತ್ತು. ನೀವು ಬೈದ ಮೇಲೆ 3-9x40ಕ್ಕೆ (3ರಿಂದ 9 ಪಟ್ಟು, ಮುಂದಿನ ಗಾಜು 40 ಮಿ.ಮೀ.) ಬಂದೆ. ಒಳ್ಳೆಯದೇ ಆಯಿತು.

ಮೊದಲ ದಿನ ಮಾತ್ರ ಪಜೀತಿ. ಸ್ಕೋಪನ್ನು ತೀರಾ ಹಿಂದೆ, ಕಣ್ಣಿನ ಹತ್ತಿರ ಕೂರಿಸಿದ್ದೆ. 100 ಗ್ರೇನ್ (ಮದ್ದು-ಗುಂಡಿನ ಸಣ್ಣ ಅಳತೆ) ಮದ್ದಿನ ಪುಡಿ, 250 ಗ್ರೇನ್ ಗುಂಡು, ಬಂದೂಕಿನ ಒದೆತ ಜೋರು. ಹುಬ್ಬಿಗೆ ಬಡಿದು ರಕ್ತ ಬಂತು. ಹೆಂಡತಿ ಇನ್ನೂ ನಗುತ್ತಿದ್ದಾಳೆ. ಈಗ ಕಣ್ಣಿಗೂ ಸ್ಕೋಪಿಗೂ ಸುಮಾರು 4 ಇಂಚು ಅಂತರವಿದೆ.

ಆಮೇಲೆ ಗುಂಡುಗಳು ಎಲ್ಲೆಲ್ಲೋ ಬೀಳತೊಡಗಿದವು. ಸುಮ್ನೆ ಸ್ಕೋಪನ್ನು ಬೈದೆ. ನೋಡಿದರೆ ಸ್ಕೋಪ್ ಹಿಡಿದಿಡುವ ರಿಂಗಿನ ಸ್ಕ್ರೂ ಸಡಿಲ! ಜೊತೆಗೆ ನಳಿಗೆಯಲ್ಲಿ ಮಸಿ. ಸ್ಕ್ರೂ ಬಿಗಿ ಮಾಡಿ, ಪ್ರತಿ ಗುಂಡಿನ ನಂತರ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ ಹಾಕಿ ಒರೆಸಿದೆ. ನಳಿಗೆ ತಣ್ಣಗಾಗಲು ಬಿಟ್ಟೆ. ಗುಂಡುಗಳು ಒಂದೇ ಕಡೆ ಬೀಳತೊಡಗಿದವು.

ನೀವೂ ಸ್ಕೋಪಿನ ಗುರಿಯನ್ನು ಮೊದಲು 25 ಗಜದಲ್ಲಿ ಹೊಂದಿಸಿ. ಸ್ಕೋಪಿನ ತಿರುಗಣೆಯ ಒಂದೊಂದು ಕ್ಲಿಕ್ ಕಾಲು ಎಂಒಎ (ಕೋನದ ಅಳತೆ, ಒಂದು ಎಂಒಎ ಅಂದರೆ 100 ಗಜದಲ್ಲಿ ಸುಮಾರು ಒಂದು ಇಂಚು) ಆದರೆ, 25 ಗಜದಲ್ಲಿ ಗುರಿ ಒಂದು ಇಂಚು ಸರಿಸಲು 16 ಕ್ಲಿಕ್ ಬೇಕು, 100 ಗಜದಲ್ಲಿ 4 ಸಾಕು. ನಾನು 100ಕ್ಕೆ ಹೊಂದಿಸಿದ್ದೇನೆ. 150ರಲ್ಲಿ ಗುಂಡು ಗುರಿಗಿಂತ ಸಾಕಷ್ಟು ಕೆಳಗೆ ಬೀಳುತ್ತದೆ, ಹಾಗಾಗಿ ಅಷ್ಟು ದೂರ ಹೊಡೆಯಲ್ಲ.

ಜನವರಿಯಲ್ಲಿ 60 ಗಜದಲ್ಲಿ ಹೆಣ್ಣು ಜಿಂಕೆ ಬಂತು. ಸ್ಕೋಪ್ 3 ಪಟ್ಟಿನಲ್ಲೇ ಇತ್ತು. ಹೊಡೆದ ಮೇಲೆ ಬರೀ ಹೊಗೆ, ಏನೂ ಕಾಣಲಿಲ್ಲ. ಅರ್ಧ ಗಂಟೆ ಕಾದು ಹೋದೆ. 40 ಹೆಜ್ಜೆಯಲ್ಲಿ ಬಿದ್ದಿತ್ತು.

ಕೊಲೊರಾಡೊ ರಾಜ್ಯದ ಸ್ನೇಹಿತರು ತಾವೂ ಸ್ಕೋಪ್ ಕೊಳ್ಳಬೇಕಾ ಅಂತ ಕೇಳಿದ್ದರಲ್ವಾ, ಅಲ್ಲಿನ ಮಝಲ್‌ಲೋಡರ್ ಸೀಸನ್‌ನಲ್ಲಿ ಸ್ಕೋಪ್ ಹಾಕುವಂತಿಲ್ಲ. ದುಡ್ಡು ಉಳಿಸಿ.