ಜೆನೋಗಿಯರ್ಸ್ ಈಗ ಶುರು ಮಾಡಬಹುದಾ? ಪಕ್ಕದಲ್ಲಿ ಮಗ ಬೇರೆ ಕೂರ್ತಾನೆ

ಸೋಫಾ_ಪ್ಲೇಯರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಿಂಟೆಂಡೊ ಸ್ವಿಚ್‌ನಲ್ಲಿ ಜೆನೋಬ್ಲೇಡ್ ಗೇಮ್ ಮುಗಿಸಿದ ಮೇಲೆ ಇದರ ಬೇರು ಹುಡುಕುತ್ತಾ 1998ರ ಜೆನೋಗಿಯರ್ಸ್‌ಗೆ ಬಂದು ನಿಂತಿದ್ದೇನೆ. ಒಬ್ಬರು ಮೊದಲ ಪ್ಲೇಸ್ಟೇಷನ್‌ಗೆ ಬಂದ ಆರ್‌ಪಿಜಿಗಳಲ್ಲಿ (ಪಾತ್ರ ವಹಿಸಿ ಆಡೋ ಕಥೆಯ ಗೇಮ್‌ಗಳಲ್ಲಿ) ಇದೇ ಬೆಸ್ಟ್ ಅಂತಾರೆ. ಇನ್ನೊಬ್ಬರು ಅರ್ಧಕ್ಕೆ ಬಿಟ್ಟ ಗೇಮ್ ಅಂತಾರೆ. ಇಬ್ಬರೂ ಒಪ್ಪುವ ಮಾತು ಒಂದೇ, ಇದು ದೊಡ್ಡವರಿಗೆ ಮಾಡಿದ ರೋಬೋಟ್ ಗೇಮ್ ಅಂತ.

ದೊಡ್ಡವರಿಗೆ ಅಂದ್ರೆ ಏನರ್ಥ? ಹಸಿಬಿಸಿ ದೃಶ್ಯಗಳಾ? ಕೇಳೋಕೆ ಕಾರಣ ಇದೆ. ರೋಬೋಟ್ ಕಂಡರೆ ಎರಡನೇ ಕ್ಲಾಸಿನ ಮಗ ಪಕ್ಕದಲ್ಲಿ ಬಂದು ಕೂತೇ ಬಿಡುತ್ತಾನೆ. ಇನ್ನು ನನಗೆ ಸಿಗೋದು ರಾತ್ರಿ ಊಟ ಆದ್ಮೇಲೆ ಒಂದು ಗಂಟೆ, ಅಷ್ಟೇ. ಅಷ್ಟರಲ್ಲಿ ಆಡಿ ಮುಗಿಸೋ ಗೇಮಾ ಇದು? ಕಥೆಯ ಗುಟ್ಟು ಬಿಚ್ಚದೆ ಹೇಳಿ.

ಪೀಣ್ಯ_ಸೆಕೆಂಡ್‌ಶಿಫ್ಟ್:

ಸರ್, ನಾನು ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್‌ಗಳ ಮೇಂಟೆನೆನ್ಸ್ ನೋಡಿಕೊಳ್ಳುವವನು. ಹಾಗಾಗಿ ರೋಬೋಟ್ ಗೇಮ್ ಅಂದ ತಕ್ಷಣ ನಾನು ನೋಡೋದು ಒಂದೇ. ಇದು ನಿಜವಾಗಲೂ ಮೆಷಿನ್ನಾ, ಇಲ್ಲಾ ಕಬ್ಬಿಣದ ವೇಷ ಹಾಕಿದ ಮನುಷ್ಯನಾ? ಬಹಳ ಗೇಮ್‌ಗಳಲ್ಲಿ ಎರಡನೆಯದೇ. ಜೆನೋಗಿಯರ್ಸ್‌ನಲ್ಲಿ ಮೆಷಿನ್ ಮೆಷಿನ್ನೇ.

ಇಲ್ಲಿ ಫೈಟ್ ಎರಡು ಥರ. ನೆಲದ ಮೇಲೆ ಕೈಕಾಲಲ್ಲಿ ಹೊಡೆದಾಡುವಾಗ ಪ್ರತಿ ಬಟನ್‌ಗೂ ಒಂದು ರೇಟು. ತ್ರಿಕೋನಕ್ಕೆ ಒಂದು ಪಾಯಿಂಟ್, ಚೌಕಕ್ಕೆ ಎರಡು, ಕ್ರಾಸ್‌ಗೆ ಮೂರು. ತ್ರಿಕೋನ, ತ್ರಿಕೋನ, ಕ್ರಾಸ್ ಅಂತ ಸಾಲಾಗಿ ಒತ್ತಿದರೆ, ಅದು ಕಲಿತಾದ ಮೇಲೆ, ನಾಯಕ ಫೇ ‘ರೈಗೆಕಿ’ ಅನ್ನೋ ದೊಡ್ಡ ಏಟು ಕೊಡುತ್ತಾನೆ. ಗೇರ್ ಹತ್ತಿದ ಮೇಲೆ ಲೆಕ್ಕವೇ ಬೇರೆ. ಗೇರ್ ಅಂದ್ರೆ ಇಲ್ಲಿನ ರೋಬೋಟ್. ಅದಕ್ಕೆ ಓಡೋಕೆ ಇಂಧನ ಬೇಕು. ಮೆಲ್ಲಗೆ ಹೊಡೆದರೆ ಸ್ವಲ್ಪ ಖರ್ಚು, ಜೋರಾಗಿ ಹೊಡೆದರೆ ಜಾಸ್ತಿ. ಬೂಸ್ಟರ್ ಹಾಕಿದರೆ ಬೇಗ ಬೇಗ ಸರದಿ ಬರುತ್ತದೆ, ಆದರೆ ಟ್ಯಾಂಕು ಸೋರುತ್ತಲೇ ಇರುತ್ತದೆ. ಫೈಟ್ ಮುಗಿದರೂ ಡ್ಯಾಮೇಜ್ ಹಾಗೇ ಉಳಿಯುತ್ತದೆ. ರಿಪೇರಿಗೆ ಅಂಗಡಿ ಸಿಗಬೇಕು. ಫೈಟ್ ನಡುವೆಯೇ ಸರಿ ಮಾಡೋ ಪಾರ್ಟ್ ಒಂದು ಬರುತ್ತದೆ, ಅದೂ ಇಂಧನವನ್ನೇ ಕುಡಿಯುತ್ತದೆ.

ಬಾಸ್, ಅಂದ್ರೆ ದೊಡ್ಡ ಎದುರಾಳಿ, ಮುಂದೆ ನಿಂತಾಗ ಇದರ ಮಜಾ ಗೊತ್ತಾಗೋದು. ಟ್ಯಾಂಕು ತಳ ಕಂಡಿದೆ, ಬಾಸ್‌ಗೆ ಇನ್ನೂ ಜೀವ ಇದೆ. ಒಂದು ಸರದಿ ಸುಮ್ನೆ ನಿಂತು ಚಾರ್ಜ್ ಮಾಡಿಕೊಳ್ಳಬೇಕಾ, ಇಲ್ಲಾ ಉಳಿದಿದ್ದನ್ನೆಲ್ಲಾ ಸುರಿದು ಒಂದು ದೊಡ್ಡ ಏಟಿಗೆ ಕೈ ಹಾಕಬೇಕಾ? ಆ ದೊಡ್ಡ ಏಟೂ ಪುಕ್ಕಟೆ ಬರಲ್ಲ. ಮೊದಲು ಸಣ್ಣ ಏಟುಗಳಿಂದ ಏಟಿನ ಲೆವೆಲ್ ಒಂದು, ಎರಡು, ಮೂರು ಅಂತ ಏರಿಸಿಕೊಂಡು ಬರಬೇಕು. ಫೇನ ಸ್ವಂತ ಲೆವೆಲ್ ಎಷ್ಟೇ ಏರಿದರೂ ಗೇರ್‌ನ ಬಲ ಮುಖ್ಯವಾಗಿ ಎಂಜಿನ್, ಫ್ರೇಮ್, ಆರ್ಮರ್‌ನಲ್ಲೇ ಇದೆ. ಹಳೇ ಎಂಜಿನ್ ಇಟ್ಟುಕೊಂಡು ಹೋದರೆ ಒದೆ ಗ್ಯಾರಂಟಿ. ನಮ್ಮ ಫ್ಯಾಕ್ಟರಿ ಮ್ಯಾನೇಜರುಗಳಿಗೆ ಈ ಗೇಮ್ ಆಡಿಸಬೇಕು.

ದೊಡ್ಡವರಿಗೆ ಅನ್ನೋ ಮಾತಿಗೆ ಬರ್ತೀನಿ. ಅಮೆರಿಕದಲ್ಲಿ ಇದಕ್ಕೆ ಸಿಕ್ಕಿದ್ದು ಟೀನ್ ರೇಟಿಂಗ್, ಅಂದ್ರೆ ಹದಿಮೂರು ದಾಟಿದವರಿಗೆ. ಗೇಮ್ ಎರಡು ಡಿಸ್ಕ್‌ನಲ್ಲಿದೆ. ಎರಡನೆಯದರಲ್ಲಿ ಪ್ರೇಮಿಗಳ ಒಂದು ರಾತ್ರಿ ಬರುತ್ತದೆ, ಸೂಚನೆಯಲ್ಲೇ ಮುಗಿಯುತ್ತದೆ. ದೊಡ್ಡತನ ಬೇರೆ ಕಡೆ ಇದೆ.

ಮೊದಲ ಗಂಟೆಗಳ ವಿಷಯ ಮಾತ್ರ ಹೇಳುತ್ತೇನೆ, ಅದೂ ಬೇಡ ಅಂದ್ರೆ ಈ ಪ್ಯಾರಾ ಬಿಟ್ಟುಬಿಡಿ. ಲಹಾನ್ ಅನ್ನೋ ಹಳ್ಳಿ. ಮಾರನೇ ದಿನ ಆಲಿಸ್, ತಿಮೋತಿ ಮದುವೆ. ಫೋಟೋ ತೆಗೆಯೋಕೆ ಕ್ಯಾಮೆರಾ ಬೇಕು ಅಂತ ಫೇನನ್ನು ಬೆಟ್ಟದ ಮೇಲಿನ ಡಾಕ್ಟರ್ ಮನೆಗೆ ಕಳಿಸುತ್ತಾರೆ. ಅವನು ವಾಪಸ್ ಬರುವಾಗ ಹಳ್ಳಿಯಲ್ಲಿ ಗೇರ್‌ಗಳ ಕಾಳಗ. ಊರು ಉಳಿಸೋಕೆ ಅಂತ ಖಾಲಿ ನಿಂತ ವೆಲ್ಟಾಲ್ ಅನ್ನೋ ಗೇರ್ ಹತ್ತುತ್ತಾನೆ, ಹತೋಟಿ ತಪ್ಪುತ್ತದೆ, ಅವನ ಕೈಯಿಂದಲೇ ಊರು ನಾಶ. ಬೇರೆ ಗೇಮ್ ಆಗಿದ್ದರೆ ಮುಂದಿನ ಊರಿಗೆ ಹೋದ ಮೇಲೆ ಇದೆಲ್ಲ ಮರೆತುಹೋಗುತ್ತಿತ್ತು. ಇಲ್ಲಿ ಹಾಗಿಲ್ಲ. ಆಮೇಲೆ ಒಂದು ಕುಸ್ತಿ ಪಂದ್ಯದಲ್ಲಿ ಎದುರಾಳಿಯಾಗಿ ಬಂದು ನಿಲ್ಲೋದು ಆಲಿಸ್ ತಮ್ಮ ಡ್ಯಾನ್, ಇನ್ನೂ ಹುಡುಗ. ಎಲ್ಲರ ಎದುರು ಫೇಗೆ ಕೊಲೆಗಾರ ಅಂತಾನೆ. ಬಟನ್‌ಗಳು ಎಂದಿನಂತೆ ನಿಮ್ಮ ಕೈಯಲ್ಲೇ ಇರುತ್ತವೆ, ಹೊಡೆಯಬೇಡ ಅಂತ ಗೇಮ್ ಎಲ್ಲೂ ಹೇಳಲ್ಲ. ಹೊಡೆಯದೆ ಬರೀ ತಡೆದುಕೊಂಡು ನಿಂತರೆ ಅಕ್ಕನ ಮದುವೆಯ ಉಡುಪು ನಿಮ್ಮ ಕೈ ಸೇರುತ್ತದೆ. ನನಗೆ ದೊಡ್ಡವರ ಕಥೆ ಅಂದ್ರೆ ಇದು.

ಹುಳುಕಿಗೂ ಕೊರತೆ ಇಲ್ಲ. ಮಾತಿನ ಡಬ್ಬಿಗಳು ನಿಧಾನ, ಬೇಗ ಓಡಿಸೋಕೆ ಆಗಲ್ಲ. ನಿಮ್ಮ ಒಂದು ಗಂಟೆ ಕೆಲವು ದಿನ ಬರೀ ಓದೋದರಲ್ಲೇ ಹೋಗುತ್ತದೆ. ಬೇಬಲ್ ಟವರ್ ಅಂತ ಒಂದು ಕಡೆ ಗೇರ್‌ನಲ್ಲಿ ಜಿಗಿದು ಜಿಗಿದು ಮೇಲೇರಬೇಕು. ಓಡಿ ಬಂದು ಜಿಗಿಯೋ ಹೊತ್ತಿಗೆ ಸರಿಯಾಗಿ ಫೈಟ್ ಶುರುವಾಗುತ್ತದೆ. ಫೈಟ್ ಮುಗಿಯೋ ಹೊತ್ತಿಗೆ ಓಟ ತಪ್ಪಿರುತ್ತದೆ, ದಪ್ ಅಂತ ಕೆಳಗೆ. ಇದನ್ನು ಪರೀಕ್ಷೆ ಮಾಡಿದವರು ಯಾರೋ ದೇವರೇ ಬಲ್ಲ.

ಇನ್ನು ಎರಡನೇ ಡಿಸ್ಕ್. ಫೇ ಕುರ್ಚಿಯಲ್ಲಿ ಕೂತು ಆದದ್ದನ್ನು ಹೇಳುತ್ತಾ ಹೋಗುತ್ತಾನೆ, ಹಿಂದೆ ಲೋಲಕ ತೂಗಾಡುತ್ತಿರುತ್ತದೆ. ಮಧ್ಯೆ ಮಧ್ಯೆ ಒಂದು ಬಾಸ್, ಅಲ್ಲೊಂದು ಇಲ್ಲೊಂದು ಗುಹೆ. ಕಥೆ ಅರ್ಧಂಬರ್ಧ ಆಯ್ತು ಅಂತ ಎಲ್ಲರೂ ಬೈತಾರೆ. ಕಥೆ ಪೂರ್ತಿಯಾಗೇ ಇದೆ ಸರ್. ನನಗೆ ಹೊಟ್ಟೆ ಉರಿಯೋದು ಗೇರ್ ವಿಷಯದಲ್ಲಿ. ಒಂದಿಡೀ ಡಿಸ್ಕ್ ಇಂಧನ ಲೆಕ್ಕ, ಎಂಜಿನ್ ಲೆಕ್ಕ ಕಲಿಸಿ, ಮೆಷಿನ್ ಸೂಪರ್ ಆಗಿ ತಯಾರಾದ ಮೇಲೆ ಓಡಿಸೋಕೆ ರಸ್ತೆಯೇ ಇಲ್ಲ. ದೂರ ಹೋಗೋದೇ ಇಲ್ಲ ಅಂದ್ಮೇಲೆ ಇಂಧನ ಉಳಿಸೋದು ಯಾಕೆ?

ಮಿತ್ಸುದಾ_ಅಭಿಮಾನಿ:

ಪೀಣ್ಯ ಗುರುಗಳೇ, ಎರಡನೇ ಡಿಸ್ಕ್ ಬಗ್ಗೆ ನನ್ನ ತಕರಾರು ಇದೆ. ನಿರ್ದೇಶಕ ತೆತ್ಸುಯಾ ತಕಹಾಶಿ ಇದರ ಬಗ್ಗೆ ಆಮೇಲೆ ಹೇಳಿಕೊಂಡಿದ್ದಾರೆ. ತಂಡದಲ್ಲಿ ಹೊಸಬರು ಜಾಸ್ತಿ, ಟೈಮ್ ಸಾಲಲಿಲ್ಲ. ಮೊದಲ ಡಿಸ್ಕ್‌ಗೇ ಮುಗಿಸಿಬಿಡೋ ಮಾತು ಬಂದಾಗ, ಹೀಗಾದರೂ ಕೊನೆ ಮುಟ್ಟಿಸೋಣ ಅಂತ ಈ ದಾರಿ ಹಿಡಿದರು. ಕುರ್ಚಿ ಇಲ್ಲದಿದ್ದರೆ ಕೊನೆಯೂ ಇರುತ್ತಿರಲಿಲ್ಲ. ನಾನು ಕುರ್ಚಿಗೇ ಓಟು.

ಇನ್ನೊಂದು, ಈ ಕಥೆಯನ್ನು ತಕಹಾಶಿಯೂ ಅವರ ಹೆಂಡತಿ ಕಾವೊರಿ ತನಾಕಾ ಅವರೂ ಮೊದಲು ಇದನ್ನು ಮಾಡಿದ ಸ್ಕ್ವೇರ್ ಕಂಪನಿಯದೇ ಇನ್ನೊಂದು ಗೇಮ್ ಫೈನಲ್ ಫ್ಯಾಂಟಸಿ ಏಳಕ್ಕೆ ಅಂತ ಕೊಟ್ಟಿದ್ದರು. ಅದಕ್ಕೆ ಇದು ಜಾಸ್ತಿ ಕತ್ತಲು ಅಂತ ಆಗಿ ಬೇರೆ ಗೇಮ್ ಆಯ್ತು. ಮರು ವರ್ಷವೇ, 1999ರಲ್ಲಿ, ತಕಹಾಶಿ ಸ್ಕ್ವೇರ್ ಬಿಟ್ಟು ಮೊನೊಲಿತ್ ಸಾಫ್ಟ್ ಕಟ್ಟಿದರು. ನೀವು ಆಡಿದ ಜೆನೋಬ್ಲೇಡ್ ಬಂದದ್ದು ಅಲ್ಲಿಂದ.

ಸಂಗೀತ ಯಾಸುನೋರಿ ಮಿತ್ಸುದಾ. ಹೆಸರು ನೋಡಿದರೆ ಗೊತ್ತಾಗುತ್ತಲ್ಲ, ನಾನು ನ್ಯಾಯವಾಗಿ ಮಾತಾಡೋನಲ್ಲ. ಆದರೂ ಹೇಳ್ತೀನಿ, ಗೇಮ್‌ನ ಉದ್ದಕ್ಕೆ ಹೋಲಿಸಿದರೆ ಟ್ಯೂನ್‌ಗಳು ಕಡಿಮೆ. ಒಂದೇ ಫೈಟ್ ಟ್ಯೂನ್ ಕೇಳಿ ಕೇಳಿ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ.

ಸ್ಕೆಲ್_ಲೈಸೆನ್ಸ್:

ಮಗನ ಜೊತೆ ಆಡಬೇಕು ಅಂದ್ರೆ ಇದ್ಯಾಕೆ ಸರ್? ಜೆನೋಬ್ಲೇಡ್ ಎಕ್ಸ್ ಹಿಡಿಯಿರಿ. 2015ರಲ್ಲಿ ನಿಂಟೆಂಡೊ ವೀ ಯೂನಲ್ಲಿ ಬಂದಿದ್ದು, 2025ರ ಮಾರ್ಚ್‌ನಲ್ಲಿ ಸ್ವಿಚ್‌ಗೂ ಬಂತು. ಸ್ಕೆಲ್, ಅಂದ್ರೆ ಅಲ್ಲಿನ ರೋಬೋಟ್, ಹತ್ತಿ ಮೀರಾ ಗ್ರಹದ ಮೇಲೆ ಹಾರಾಡೋ ಸುಖ ಹಳೇ ಗೇಮ್‌ನಲ್ಲಿ ಎಲ್ಲಿದೆ? ಒಂದೇ ಕಿರಿಕಿರಿ, ಸ್ಕೆಲ್ ಲೈಸೆನ್ಸ್ ಪರೀಕ್ಷೆ ಬರೋದೇ ಆರನೇ ಅಧ್ಯಾಯ ದಾಟಿದ ಮೇಲೆ. ಹಾರೋಕೆ ಇನ್ನೂ ಮುಂದೆ ಹೋಗಬೇಕು. ಅಲ್ಲಿವರೆಗೆ ಕಾಲ್ನಡಿಗೆ.

ಸೋಫಾ_ಪ್ಲೇಯರ್:

ಎಲ್ಲರಿಗೂ ಥ್ಯಾಂಕ್ಸ್. ಎಕ್ಸ್ ಮಗನಿಗೆ, ಇದು ನನಗೆ ಅಂತ ತೀರ್ಮಾನ. ಪೀಣ್ಯ ಸರ್, ಎರಡು ಪ್ರಶ್ನೆ. ಅವನು ಪಕ್ಕದಲ್ಲಿ ಕೂತಾಗ ಎಲ್ಲಿ ಹುಷಾರಾಗಿರಬೇಕು? ದುಡ್ಡು ಯಾವುದಕ್ಕೆ ಮೊದಲು ಹಾಕಬೇಕು?

ಪೀಣ್ಯ_ಸೆಕೆಂಡ್‌ಶಿಫ್ಟ್:

ಮಿತ್ಸುದಾ ಅವರೇ, ಕುರ್ಚಿಗೆ ಓಟು ಹಾಕಿ, ಬೇಡ ಅನ್ನಲ್ಲ. ನಾನು ಕೇಳ್ತಿರೋದು ರಸ್ತೆ.

ಸೋಫಾ ಸರ್, ಲಹಾನ್ ಸುಡುವ ಭಾಗ ಅವನು ಮಲಗಿದ ಮೇಲೆ ಆಡಿ. ಆಮೇಲೆ ಮರುಭೂಮಿ, ಬಾರ್ಟ್ ಅನ್ನೋ ಕಡಲ್ಗಳ್ಳನ ಮರಳಿನ ಹಡಗು, ಗೇರ್ ಫೈಟ್, ಇವೆಲ್ಲ ಅವನಿಗೂ ಖುಷಿ ಕೊಡುತ್ತವೆ. ಸೊಲಾರಿಸ್ ಅನ್ನೋ ಜಾಗಕ್ಕೆ ಕಾಲಿಟ್ಟಿರಿ ಅಂದ್ರೆ ಮತ್ತೆ ಎಚ್ಚರ. ಅಲ್ಲೊಂದು ಊಟ ತಯಾರಾಗೋ ಫ್ಯಾಕ್ಟರಿ ಇದೆ. ಅಷ್ಟೇ ಹೇಳ್ತೀನಿ. ಅವತ್ತು ನೀವೂ ಊಟ ಬೇಗ ಮುಗಿಸಿಕೊಂಡು ಕೂರಿ.

ದುಡ್ಡು ಮೊದಲು ಎಂಜಿನ್‌ಗೆ. ಬಲವೂ ಅದರಲ್ಲೇ, ಟ್ಯಾಂಕಿನ ಸೈಜೂ ಅದರಲ್ಲೇ. ಆಮೇಲೆ ಫ್ರೇಮ್. ನೆಲದ ಮೇಲಿನ ಸಣ್ಣ ಫೈಟ್‌ಗಳಲ್ಲಿ ಒಂದೇ ಬಟನ್ ಒತ್ತಿ ಮುಗಿಸಬೇಡಿ, ಬೇರೆ ಬೇರೆ ಸಾಲು ಒತ್ತಿ ಏಟುಗಳನ್ನು ಕಲಿಸಿ. ಫೇ ನೆಲದಲ್ಲಿ ಕಲಿತ ಏಟೇ ಗೇರ್‌ಗೂ ಬರೋದು. ಸೇವ್ ಪಾಯಿಂಟ್‌ಗಳ ಮಧ್ಯೆ ದೂರ ಜಾಸ್ತಿ, ಆದರೆ ಊರಾಚೆ ದೊಡ್ಡ ಮ್ಯಾಪ್‌ನಲ್ಲಿ ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ಒಂದು ಗಂಟೆ ಲೆಕ್ಕದಲ್ಲಿ ಆಡೋರು ಹೊಸ ಜಾಗಕ್ಕೆ ಕಾಲಿಡೋ ಮುಂಚೆ ಅಲ್ಲೇ ನಿಲ್ಲಿಸಿ. ಬೇಬಲ್ ಟವರ್‌ಗೆ ಮಾತ್ರ ಭಾನುವಾರ ಇಟ್ಟುಕೊಳ್ಳಿ.