ದೆಹಲಿಯಲ್ಲಿ ಏಜೆಂಟರಿದ್ದಾರೆ, ಲಂಡನ್ನಿಗೆ ಬರೆಯುವಾಗ ಹೇಳಬೇಕೇ?

ಕೇಳಿದವರು, ಮೈಸೂರು

ನಾನು ಇಂಗ್ಲಿಷಿನಲ್ಲಿ ಬರೆದ ಕಾದಂಬರಿಯೊಂದು ದೆಹಲಿಯ ಸಾಹಿತ್ಯ ಏಜೆಂಟರ (ಲೇಖಕರ ಪರವಾಗಿ ಪ್ರಕಾಶಕರಿಗೆ ಪುಸ್ತಕ ಮಾರುವವರ) ಮೂಲಕ ಇಲ್ಲಿನ ಪ್ರಕಾಶಕರಿಗೆ ಮಾರಾಟವಾಗಿದೆ. ಅದೇ ಕಾದಂಬರಿಗೆ ಲಂಡನ್ ಮತ್ತು ನ್ಯೂಯಾರ್ಕಿನಲ್ಲಿ ಏಜೆಂಟರನ್ನು ಹುಡುಕಬೇಕೆಂದಿದ್ದೇನೆ. ಈಗಾಗಲೇ ಒಬ್ಬರಿದ್ದಾರೆಂದು ಮೊದಲ ಪತ್ರದಲ್ಲೇ ಹೇಳಿದರೆ ಓದದೆ ಬದಿಗಿಡುತ್ತಾರೆಂದು ಗೆಳತಿ ಹೆದರಿಸಿದ್ದಾಳೆ. ಅವರು ಪೂರ್ತಿ ಹಸ್ತಪ್ರತಿ ಕೇಳಿದ ಮೇಲೆ ಹೇಳಿದರೆ ಸಾಲದೇ? ಇದನ್ನು ದಾಟಿ ಬಂದವರು ದಯವಿಟ್ಟು ತಿಳಿಸಿ.

ಕಾದಂಬರಿಕಾರ್ತಿ, ಬೆಂಗಳೂರು

ಮೊದಲ ಪತ್ರದಲ್ಲೇ ಹೇಳಿ. ನನಗೆ ಇಲ್ಲೊಬ್ಬರು, ನ್ಯೂಯಾರ್ಕಿನಲ್ಲೊಬ್ಬರು ಏಜೆಂಟರಿದ್ದಾರೆ. ಇಲ್ಲಿನವರ ವಿಷಯ ತಿಳಿಸಿಯೇ ಅಲ್ಲಿನವರಿಗೆ ಬರೆದದ್ದು. ಆದರೆ ಪತ್ರ ಅದರಿಂದ ಶುರುವಾಗುವುದು ಬೇಡ. ಮೊದಲು ಕಥೆ, ಪದಗಳ ಸಂಖ್ಯೆ, ಆಮೇಲೆ ನಿಮ್ಮ ಪರಿಚಯ. ಪರಿಚಯದ ಕೊನೆಗೆ ಇಷ್ಟು ಬಂದರೆ ಸಾಕು: ‘ಭಾರತ ಉಪಖಂಡದ ಹಕ್ಕುಗಳನ್ನು ದೆಹಲಿಯ ಇಂಥ ಏಜೆಂಟರು ನೋಡಿಕೊಳ್ಳುತ್ತಾರೆ, ಇಂಥ ಪ್ರಕಾಶಕರು ಕೊಂಡಿದ್ದಾರೆ. ಉಳಿದ ಹಕ್ಕುಗಳು ನನ್ನ ಬಳಿಯೇ ಇವೆ. ನಾನು ನಿಮಗೆ ಬರೆಯುತ್ತಿರುವುದು ನನ್ನ ಏಜೆಂಟರಿಗೆ ಗೊತ್ತಿದೆ.’ ಕ್ಷಮೆ ಕೇಳುವ ಧ್ವನಿ ಬೇಡ. ಒಬ್ಬರು ನಿಮ್ಮ ಬರಹವನ್ನು ನಂಬಿ ಹೊತ್ತು ತಿರುಗಿದ್ದಾರೆ, ಇನ್ನೊಬ್ಬರು ಅದಕ್ಕೆ ದುಡ್ಡು ಹಾಕಿದ್ದಾರೆ, ಇದರಲ್ಲಿ ಮುಚ್ಚಿಡುವಂಥದ್ದೇನಿದೆ?

ಕಷ್ಟವಿರುವುದು ‘ಉಳಿದ ಹಕ್ಕುಗಳು ನನ್ನ ಬಳಿಯೇ ಇವೆ’ ಎಂಬ ಮಾತಿನಲ್ಲಿ. ಅದು ನಿಜವೇ ಎಂದು ಒಪ್ಪಂದಗಳನ್ನು ತೆಗೆದು ನೋಡಿ. ಏಜೆಂಟರದೊಂದು, ಪ್ರಕಾಶಕರದೊಂದು, ಎರಡರಲ್ಲೂ ಟೆರಿಟರಿ ಕಲಂ, ಅಂದರೆ ಯಾವ ಯಾವ ದೇಶಗಳಿಗೆ ಅನ್ವಯ ಎಂಬ ಷರತ್ತು, ಇರುತ್ತದೆ. ಏಜೆಂಟರ ಒಪ್ಪಂದ ಜಗತ್ತಿಗೆಲ್ಲ ಅನ್ವಯಿಸುವುದಾದರೆ ಲಂಡನ್ನಿಗೆ ಬರೆಯಬೇಕಾದವರು ನೀವಲ್ಲ, ಅವರು. ಅಲ್ಲಿನ ಸಹ-ಏಜೆಂಟರೊಬ್ಬರ ಮೂಲಕ ಅವರೇ ಮಾರುತ್ತಾರೆ. ಸ್ವದೇಶದ ಮಾರಾಟಕ್ಕೆ ಶೇಕಡಾ 15 ಇರುವ ಕಮಿಷನ್ ಆಗ ಸಾಮಾನ್ಯವಾಗಿ 20 ಆಗುತ್ತದೆ, ಇಬ್ಬರೂ ಹಂಚಿಕೊಳ್ಳುತ್ತಾರೆ.

ಪ್ರಕಾಶನ ಸಂಸ್ಥೆಯೊಂದರ ಹಕ್ಕು ವಿಭಾಗದ ಉದ್ಯೋಗಿ, ಲಂಡನ್

ಗೆಳತಿಯ ಮಾತು ಪೂರ್ತಿ ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಇಲ್ಲಿನವರು ಹಿಂಜರಿಯುವುದು ನಿಮಗೆ ಏಜೆಂಟರಿದ್ದಾರೆ ಎಂದಲ್ಲ, ಭಾರತದ ಹಕ್ಕು ಕೈತಪ್ಪಿದೆ ಎಂದು. ‘ಬ್ರಿಟನ್ ಮತ್ತು ಕಾಮನ್‌ವೆಲ್ತ್’ ಎಂದು ಒಟ್ಟಾಗಿ ಹಕ್ಕು ಕೇಳುವುದು ಬ್ರಿಟಿಷ್ ಪ್ರಕಾಶಕರ ಹಳೆಯ ರೂಢಿ. ಭಾರತ, ಪಾಕಿಸ್ತಾನ, ಶ್ರೀಲಂಕಾ, ಬಾಂಗ್ಲಾದೇಶ ಎಲ್ಲವೂ ಅದರೊಳಗೇ ಬರುತ್ತವೆ. (ಸಾಮ್ರಾಜ್ಯ ಹೋಯಿತು, ಅದರ ನಕಾಶೆ ಪುಸ್ತಕದ ಒಪ್ಪಂದಗಳಲ್ಲಿ ಇನ್ನೂ ಇದೆ.) ಭಾರತದಲ್ಲಿ ನಡೆಯುವ ಕಥೆಗೆ ಭಾರತದಲ್ಲೇ ಓದುಗರು ಹೆಚ್ಚೆಂದು ಲೆಕ್ಕ ಹಾಕುವವರಿಗೆ ಅದನ್ನು ಬಿಟ್ಟು ಉಳಿದದ್ದು ಸಪ್ಪೆಯಾಗಿ ಕಾಣುತ್ತದೆ. ಮುಂಗಡ ಇಳಿಯಬಹುದು, ಅದರೊಂದಿಗೆ ಏಜೆಂಟರ ಪಾಲೂ ಇಳಿಯುತ್ತದೆ. ಹಾಗಾಗಿ ಕೆಲವರು ಬೇಡ ಎನ್ನುತ್ತಾರೆ.

ಆದರೆ ನೀವು ತಡವಾಗಿ ಹೇಳಿದ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ. ತಿಂಗಳುಗಟ್ಟಲೆ ಹಸ್ತಪ್ರತಿ ಇಟ್ಟುಕೊಂಡು ಓದಿದವರಿಗೆ ಕೊನೆಯ ಮಾತುಕತೆಯಲ್ಲಿ ಇದು ಗೊತ್ತಾದರೆ, ಬೇಡ ಎನ್ನುವುದರ ಜೊತೆಗೆ ಸಿಟ್ಟೂ ಸೇರುತ್ತದೆ. ಈ ವೃತ್ತಿಯ ವಲಯವೂ ದೊಡ್ಡದಲ್ಲ. ಮಾರ್ಚ್‌ನ ಲಂಡನ್ ಪುಸ್ತಕ ಮೇಳದಲ್ಲೋ ಅಕ್ಟೋಬರಿನ ಫ್ರಾಂಕ್‌ಫರ್ಟ್ ಮೇಳದಲ್ಲೋ ಒಂದೇ ಪುಸ್ತಕವನ್ನು ಇಬ್ಬರು ಏಜೆಂಟರು ಒಬ್ಬರಿಗೊಬ್ಬರು ತಿಳಿಯದೆ ಮಾರುತ್ತಿರುವುದು ಬಯಲಾದರೆ, ಇಬ್ಬರೂ ನಿಮ್ಮನ್ನು ಕೈಬಿಟ್ಟಾರು.

ನ್ಯೂಯಾರ್ಕಿಗೆ ಈ ತೊಡಕು ಕಡಿಮೆ. ಜಗತ್ತಿನ ಹಕ್ಕು ಕೇಳುವ ಪ್ರಕಾಶಕರು ಅಲ್ಲೂ ಇದ್ದಾರೆ, ಆದರೆ ಅವರ ಕಣ್ಣು ಮುಖ್ಯವಾಗಿ ಉತ್ತರ ಅಮೆರಿಕದ ಮೇಲೆ. ಇನ್ನೊಂದು ವಿಷಯ: ಅಮೆರಿಕದ ಬಹಳಷ್ಟು ಏಜೆಂಟರು ಕ್ವೆರಿಮ್ಯಾನೇಜರ್ ಎಂಬ ಆನ್‌ಲೈನ್ ಅರ್ಜಿಯ ಮೂಲಕ ಪತ್ರ ಪಡೆಯುತ್ತಾರೆ. ಈ ಹಿಂದೆ ಏಜೆಂಟರಿದ್ದರೇ ಎಂದು ಅದರಲ್ಲಿ ನೇರವಾಗಿ ಕೇಳುವವರಿದ್ದಾರೆ. ಅಲ್ಲಿ ‘ಇಲ್ಲ’ ಎಂದು ತುಂಬಿದರೆ ಅದು ಮೌನವಲ್ಲ, ಬರೆದುಕೊಟ್ಟ ಸುಳ್ಳು.

ಅನುವಾದಕ, ಧಾರವಾಡ

ಮೇಲಿನಿಬ್ಬರ ಮಾತಿಗೆ ನನ್ನದೊಂದು ತಕರಾರಿದೆ. ದೆಹಲಿಯವರ ಒಪ್ಪಂದ ಒಂದೇ ಪುಸ್ತಕಕ್ಕಿದ್ದು, ಹೊರಗೆ ಕಳಿಸುತ್ತಿರುವುದು ಬೇರೆಯೇ ಪುಸ್ತಕವಾಗಿದ್ದರೆ ಮೊದಲ ಪತ್ರಕ್ಕೆ ಅದನ್ನು ಎಳೆದು ತರಬೇಕಿಲ್ಲ. ಪತ್ರವೇನು ಪ್ರಮಾಣಪತ್ರವೇ? ನಿಮ್ಮನ್ನು ತೆಗೆದುಕೊಳ್ಳುತ್ತೇವೆಂದು ಮಾತಿಗೆ ಕರೆದಾಗ ತಿಳಿಸಿದರೆ ಸಾಕು. ಮುಂದಿನ ಬರಹವೂ ತಮಗೇ ಎಂಬ ಕಲಂ ಒಪ್ಪಂದದಲ್ಲಿ ಇಲ್ಲವೆಂದು ಮಾತ್ರ ಖಚಿತಪಡಿಸಿಕೊಳ್ಳಿ. ಮೈಸೂರಿನವರದು ಅದೇ ಪುಸ್ತಕವಾದ್ದರಿಂದ ಅವರಿಗೆ ಈ ವಿನಾಯಿತಿ ಸಿಗದು.

ಕನ್ನಡದಲ್ಲಿ ಬರೆಯುವವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಒಂದಿಷ್ಟು. 2025ರಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದ ಮೇಲೆ ಹೊರಗಿನ ಏಜೆಂಟರ ಬಗ್ಗೆ ನನ್ನನ್ನು ವಿಚಾರಿಸುವವರು ಹೆಚ್ಚಿದ್ದಾರೆ. ನಮ್ಮಲ್ಲಿ ಹೇಳಬೇಕಾದದ್ದು ಇನ್ನೂ ಜಾಸ್ತಿ. ಅನುವಾದಿಸಲು ಅನುಮತಿ ಕೊಡುವ ಹಕ್ಕು ಮೂಲ ಲೇಖಕರದು, ಆಗಿರುವ ಅನುವಾದದ ಹಕ್ಕುಸ್ವಾಮ್ಯ ಅನುವಾದಕರದು. ಇಬ್ಬರಿಗೂ ಬೇರೆ ಬೇರೆ ಏಜೆಂಟರಿರಬಹುದು, ಪತ್ರದಲ್ಲಿ ಇಬ್ಬರ ವಿಷಯವೂ ಬರಬೇಕು. ಜೊತೆಗೆ ಕನ್ನಡದ ಪ್ರಕಾಶಕರಿಗೆ ಹಿಂದೆಂದೋ ಸಹಿ ಹಾಕಿಕೊಟ್ಟ ಹಾಳೆ. ಅನುವಾದದ ಹಕ್ಕನ್ನೂ ಅದರಲ್ಲಿ ಬರೆದುಕೊಟ್ಟಿದ್ದರೆ ಗಾಬರಿಯಾಗುವ ಮೊದಲು 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಂ ನೋಡಿ: ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಹೇಳಿರದಿದ್ದರೆ ಐದು ವರ್ಷ, ಪ್ರದೇಶ ಹೇಳಿರದಿದ್ದರೆ ಭಾರತದೊಳಗೆ ಮಾತ್ರ ಎಂದು ಭಾವಿಸಲಾಗುತ್ತದೆ. ಎಷ್ಟೋ ಲೇಖಕರು ಕಳೆದುಹೋಯಿತೆಂದುಕೊಂಡ ಹಕ್ಕು ಅವರ ಕೈಯಲ್ಲೇ ಇರುತ್ತದೆ.

ಲೆಕ್ಕಪರಿಶೋಧಕ, ಶಿವಮೊಗ್ಗ

ಕೇಳಿದ್ದಕ್ಕೆ ಇದು ಉತ್ತರವಲ್ಲ, ಆದರೆ ಅಮೆರಿಕದ ಏಜೆಂಟರು ಸಿಕ್ಕರೆ ಡಬ್ಲ್ಯು-8ಬಿಇಎನ್ ಎಂಬ ಅಲ್ಲಿನ ತೆರಿಗೆ ನಮೂನೆಯನ್ನು ಮೊದಲೇ ತುಂಬಿಕೊಡಿ. ಇಲ್ಲದಿದ್ದರೆ ಗೌರವಧನದಿಂದ (ರಾಯಲ್ಟಿಯಿಂದ) ಶೇಕಡಾ 30 ತೆರಿಗೆ ಅಲ್ಲೇ ಮುರಿದುಕೊಳ್ಳುತ್ತಾರೆ, ಭಾರತ-ಅಮೆರಿಕ ತೆರಿಗೆ ಒಪ್ಪಂದದ ಪ್ರಕಾರ ಅದು 15.

ಕೇಳಿದವರು, ಮೈಸೂರು

ಎಲ್ಲರಿಗೂ ಧನ್ಯವಾದ. ಒಪ್ಪಂದಗಳನ್ನು ತೆಗೆದು ನೋಡಿದೆ. ಪ್ರಕಾಶಕರದು ಉಪಖಂಡಕ್ಕೆ ಸೀಮಿತವಾಗಿದೆ, ಏಜೆಂಟರದು ಮಾತ್ರ ‘ಜಗತ್ತಿನಾದ್ಯಂತ’. ಆದರೆ ಅವರು ಹೊರಗೆ ಯಾರಿಗಾದರೂ ಕಳಿಸಿದಂತೆ ನನಗೆ ಕಂಡಿಲ್ಲ. ಈಗೇನು ಮಾಡಲಿ?

ಕಾದಂಬರಿಕಾರ್ತಿ, ಬೆಂಗಳೂರು

ಹಾಗಾದರೆ ಸದ್ಯಕ್ಕೆ ಲಂಡನ್ನಿಗೂ ಬೇಡ, ನ್ಯೂಯಾರ್ಕಿಗೂ ಬೇಡ. ದೆಹಲಿಗೇ ಬರೆಯಿರಿ. ಹೊರಗೆ ಯಾವ ಸಂಪಾದಕರಿಗೆ ಕಳಿಸಿದ್ದಾರೆ, ಸಹ-ಏಜೆಂಟರಿದ್ದಾರೆಯೇ ಎಂದು ವಿಚಾರಿಸಿ, ಪಟ್ಟಿ ಕೇಳಿ ಪಡೆಯಿರಿ. ಮುಂದೆ ಬರುವ ಏಜೆಂಟರಿಗೂ ಆ ಪಟ್ಟಿ ಬೇಕು, ಒಮ್ಮೆ ಬೇಡವೆಂದ ಸಂಪಾದಕರ ಬಳಿಗೆ ಅದೇ ಪುಸ್ತಕವನ್ನು ಮತ್ತೆ ಒಯ್ಯುವುದು ಕಷ್ಟ. ಎಲ್ಲೂ ಕಳಿಸಿಲ್ಲವೆಂದರೆ ಬ್ರಿಟನ್ ಮತ್ತು ಉತ್ತರ ಅಮೆರಿಕದ ಮಟ್ಟಿಗೆ ಈ ಪುಸ್ತಕವನ್ನು ಬಿಟ್ಟುಕೊಡುವಂತೆ ಕೇಳಿ. ಫೋನಿನಲ್ಲಿ ‘ಆಗಲಿ’ ಎಂದರೆ ಸಾಲದು, ತಿದ್ದುಪಡಿ ಬರೆಸಿ ಸಹಿ ಪಡೆಯಿರಿ. ಬಿಟ್ಟುಕೊಡುವುದಕ್ಕೆ ಅವರು ಮುಂದಿನ ಕಮಿಷನ್ನಿನಲ್ಲಿ ಪಾಲು ಕೇಳಲೂಬಹುದು. ಒಪ್ಪುವುದಾದರೆ ಅದನ್ನೂ ಹೊಸ ಏಜೆಂಟರಿಗೆ ಸಹಿಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಎರಡೂ ಕಡೆಯ ಕಮಿಷನ್ ನಿಮ್ಮ ಪಾಲಿನಿಂದಲೇ ಹೋಗುತ್ತದೆ.