ಪದಚರ್ಚೆ: ‘ವರ್ಣಭೇದ’, ‘ಜನಾಂಗೀಯ ದ್ವೇಷ’ – ಎಲ್ಲ ದೇಶಕ್ಕೂ ಒಂದೇ ಪದ ಸಾಕೇ?

ಬಲ್ಲವರ ಮುಂದೆ ಒಂದು ಪ್ರಶ್ನೆ.

ಇಲ್ಲಿನ ಕನ್ನಡ ಕೂಟದ ಯುಗಾದಿ ಸಂಚಿಕೆಗೆಂದು ಜರ್ಮನಿ, ಬ್ರಿಟನ್, ಅಮೆರಿಕಗಳಲ್ಲಿರುವ ನಮ್ಮವರ ಬರಹಗಳನ್ನು ಒಟ್ಟುಮಾಡುತ್ತಿದ್ದೇನೆ. ವಿಷಯ ರೇಸಿಸಂ. ಒಬ್ಬರು ‘ವರ್ಣಭೇದ’ ಎಂದಿದ್ದಾರೆ, ಇನ್ನೊಬ್ಬರು ‘ಜನಾಂಗೀಯ ದ್ವೇಷ’, ಮತ್ತೊಬ್ಬರು ರೇಸಿಸಂ ಎಂದೇ ಬಿಟ್ಟಿದ್ದಾರೆ. ಒಂದೇ ಪದಕ್ಕೆ ತರೋಣವೆಂದು ಕೂತರೆ ಯಾವುದೂ ಮೂರೂ ಕಡೆಗೆ ಒಗ್ಗುತ್ತಿಲ್ಲ.

‘ವರ್ಣಭೇದ’ ಎಂದೊಡನೆ ಹಿಂದೆಯೇ ‘ನೀತಿ’ ಬಂದುಬಿಡುತ್ತದೆ. 1948ರಿಂದ ದಕ್ಷಿಣ ಆಫ್ರಿಕಾದಲ್ಲಿ ಸರ್ಕಾರವೇ ಕಾನೂನು ಮಾಡಿ ನಡೆಸಿದ್ದಕ್ಕೆ ನಮ್ಮ ಪತ್ರಿಕೆಗಳು ಆ ಪದವನ್ನು ಅಷ್ಟು ಬಳಸಿವೆ. ‘ಜನಾಂಗ’ದ ತೊಡಕು ಬೇರೆ. ‘ನಮ್ಮ ಜನಾಂಗದ ಹುಡುಗ ಬೇಕು’ ಎಂದರೆ ಊರಿನಲ್ಲಿ ಅದು ಜಾತಿಯ ಮಾತು. ಬಣ್ಣ, ಜನಾಂಗ ಎರಡೂ ಒಂದೇ ಅಲ್ಲವೇ ಎನ್ನುವವರಿಗೆ ಅಮೆರಿಕಕ್ಕೆ ವಲಸೆ ಹೋಗಿದ್ದ ಭಾರತೀಯ ಭಗತ್ ಸಿಂಗ್ ಥಿಂಡ್ ಅವರ 1923ರ ಮೊಕದ್ದಮೆಯನ್ನು ನೆನಪಿಸುತ್ತೇನೆ. ತಾನು ಕಕೇಶಿಯನ್ ಜನಾಂಗದವನು, ಪೌರತ್ವ ಕೊಡಿ ಎಂದು ಅವರು ವಾದಿಸಿದರು. ಜನಾಂಗಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಜನ ಯಾರನ್ನು ಬಿಳಿಯರೆನ್ನುತ್ತಾರೋ ಅವರೇ ಬಿಳಿಯರು ಎಂದಿತು ಅಮೆರಿಕದ ಸುಪ್ರೀಂ ಕೋರ್ಟು. ಜನಾಂಗವನ್ನು ತೋರಿಸಿದರೆ ಬಣ್ಣ ಕೇಳಿದರು.

ನಾನಿರುವ ಜರ್ಮನಿಯಲ್ಲಿ ಬಣ್ಣದ ಮಾತನ್ನು ಎದುರಿಗೆ ಎತ್ತುವವರು ಕಡಿಮೆ. ನಾತ್ಸಿಗಳ ಕಾಲದಿಂದಾಗಿ ಜನಾಂಗಕ್ಕಿರುವ ‘ರಸ್ಸೆ’ ಎಂಬ ಪದವೇ ಅವರಿಗೆ ಬಾಯಿಗೆ ಬರದು. ಬಹುಕಾಲ ಅವರು ಬಳಸಿದ್ದು ‘ಪರಕೀಯರ ಮೇಲಿನ ಹಗೆ’ ಎಂಬರ್ಥದ ಪದ. 2020ರ ಫೆಬ್ರವರಿಯಲ್ಲಿ ಹಾನಾವ್ ಊರಿನಲ್ಲಿ ವಲಸೆ ಮೂಲದ ಒಂಬತ್ತು ಜನರನ್ನು ಒಬ್ಬ ಗುಂಡಿಟ್ಟು ಕೊಂದ. ಸತ್ತವರಲ್ಲಿ ಅಲ್ಲೇ ಹುಟ್ಟಿ ಬೆಳೆದವರಿದ್ದರು. ಅವರನ್ನು ಪರಕೀಯರೆಂದರೆ ಕೊಂದವನ ಮಾತನ್ನೇ ಒಪ್ಪಿದಂತಲ್ಲವೇ ಎಂದು ಹಲವರು ಆ ಪದವನ್ನೇ ಎದುರಿಸಿದರು. ಸರಿಯಾಗಿಯೇ ಎದುರಿಸಿದರು. (ನಮ್ಮ ‘ಪರದೇಶಿ’ ಇಲ್ಲಿ ನಡೆಯದು, ಅದಕ್ಕೆ ದಿಕ್ಕಿಲ್ಲದವನೆಂಬ ಅರ್ಥವೇ ಮುಂದಾಗಿದೆ.)

ನನ್ನ ಮಗಳಿಗೆ ಎಂಟು ವರ್ಷ. ಬೇಕರಿಯ ಸಾಲಿನಲ್ಲಿ ಚಿಲ್ಲರೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಹಿಂದಿದ್ದ ಅಜ್ಜಿ ನಗುತ್ತಾ ಕೇಳಿದರು: “ಯಾವೂರು ಪುಟ್ಟಿ?” “ಇದೇ ಬೀದಿ.” “ಅದಲ್ಲ, ನಿಜವಾಗಿ?” ಮಗಳು ಮನೆಯ ನಂಬರೂ ಹೇಳಿದಳು. ಅಜ್ಜಿ ಇನ್ನೂ ಕಾಯುತ್ತಲೇ ಇದ್ದರು. ಬೈಗುಳವಿಲ್ಲ, ಸಿಟ್ಟಿಲ್ಲ. ‘ದ್ವೇಷ’ ಎಂದರೆ ಆ ಅಜ್ಜಿಗೆ ಅನ್ಯಾಯ, ಏನೂ ಇಲ್ಲ ಎಂದರೆ ಮಗಳಿಗೆ ಅನ್ಯಾಯ.

ಬ್ರಿಟನ್ನಿನದು ಇನ್ನೊಂದು ಬಗೆ. ಹುಬ್ಬಳ್ಳಿಯಿಂದ ಹೋಗಿ 1980ರ ದಶಕದಲ್ಲಿ ಲೆಸ್ಟರ್‌ನಲ್ಲಿ ಓದಿದವರೊಬ್ಬರನ್ನು ಶಾಲೆಯಲ್ಲಿ ‘ಪಾಕಿ’ ಎಂದೇ ಕೂಗುತ್ತಿದ್ದರಂತೆ. ಅದಕ್ಕೆ ‘ಜನಾಂಗೀಯ ನಿಂದನೆ’ ಸರಿಹೊಂದುತ್ತದೆ. ಆದರೆ 1993ರಲ್ಲಿ ಕೊಲೆಯಾದ ಕಪ್ಪು ಹುಡುಗ ಸ್ಟೀಫನ್ ಲಾರೆನ್ಸ್ ಪ್ರಕರಣದ ತನಿಖೆಯ ಬಗ್ಗೆ 1999ರಲ್ಲಿ ಬಂದ ಮ್ಯಾಕ್‌ಫರ್ಸನ್ ವರದಿ ಹೇಳಿದ್ದು ಪೊಲೀಸ್ ಇಲಾಖೆಯೊಳಗೇ ಬೇರೂರಿದ ರೇಸಿಸಂ ಬಗ್ಗೆ. ಅಲ್ಲಿ ಯಾರೊಬ್ಬರೂ ಬಾಯಿಬಿಟ್ಟು ಬೈಯಬೇಕಿಲ್ಲ, ಕೆಲಸ ನಡೆಯುವ ರೀತಿಯಲ್ಲೇ ಅದು ಇರುತ್ತದೆ.

ಇದಕ್ಕೆ ನನಗೆ ಹೊಳೆದದ್ದು ‘ಪಂಕ್ತಿಭೇದ’. ಒಂದೇ ಸಾಲಿನಲ್ಲಿ ಕೂರಿಸಿ ಒಬ್ಬರ ಎಲೆಗೆ ತುಪ್ಪ, ಇನ್ನೊಬ್ಬರ ಎಲೆಗೆ ನೀರುಮಜ್ಜಿಗೆ. ‘ವರ್ಣಭೇದ’ದಲ್ಲಿ ಭೇದ ನಮ್ಮ ಚರ್ಮದಲ್ಲಿದೆ ಎಂಬಂತೆ ಕೇಳಿಸುತ್ತದೆ, ಪಂಕ್ತಿಭೇದದಲ್ಲಿ ತಪ್ಪು ಬಡಿಸುವವನದು. ಅದು ಜಾತಿಯ ಊಟದ ಮನೆಯಿಂದ ಬಂದ ಪದವೆಂದು ಬಲ್ಲೆ. ಅದಕ್ಕೇ ಅದರ ಕಹಿಯನ್ನು ನಮಗೆ ವಿವರಿಸಬೇಕಿಲ್ಲ. ಲೆಸ್ಟರ್‌ನವರ ಬರಹದಲ್ಲಿ ಇದನ್ನು ಬಳಸಬಹುದೇ?

ಬೇಕರಿಯ ಪ್ರಶ್ನೆಗೆ ಮಾತ್ರ ಪದ ಸಿಕ್ಕಿಲ್ಲ. ಊರಲ್ಲೇ ಹುಟ್ಟಿದವರನ್ನೂ ‘ಎಲ್ಲಿಂದಲೋ ಬಂದವರು’ ಎಂದೇ ಕಾಣುವ ಬಗೆಗೆ ಕರಾವಳಿಯಲ್ಲೋ ಧಾರವಾಡದ ಕಡೆಯೋ ಹಳೆಯ ಮಾತೇನಾದರೂ ಇದ್ದರೆ ದಯವಿಟ್ಟು ತಿಳಿಸಿ.